ಜೋಡಿಗೆ ಒಬ್ಬರು

ಗುರಲಿಂಗಪ್ಪ ಗೋಡೆಯ ಮೇಲಿನ ಫಲಕವನ್ನು ಓದಿದ ರೀತಿಗೆ, ಆ ಪಡಸಾಲೆಯಲ್ಲಿ ಕೂತಿದ್ದ ಅಷ್ಟೂ ಮಂದಿ ತಮ್ಮ ಬಸ್ಸೇ ಬಂತೇನೋ ಎಂಬಂತೆ ತಲೆ ಎತ್ತಿದರು. ‘ತಪಾಸಣೆ ಹಾಗೂ ಚಿಕಿತ್ಸೆಯ ಸಮಯದಲ್ಲಿ ರೋಗಿಯು ತಾನು ಬಯಸಿದ ಒಬ್ಬರನ್ನು ಜೊತೆಗೆ ಇರಿಸಿಕೊಳ್ಳಬಹುದು.’ ಒಂದೊಂದು ಶಬ್ದಕ್ಕೂ ಅದರದರ ಜಾಗ ಕೊಟ್ಟು, ಕೊನೆಯದನ್ನು ತುಸು ಎಳೆದು ಬಿಟ್ಟ. ಇಳಕಲ್ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದಷ್ಟು ವರ್ಷ, ಹುನಗುಂದ ಅಮೀನಗಡ ಮಾರ್ಗವಾಗಿ ಬಾಗಲಕೋಟೆಗೆ ಹೋಗುವ ಬಸ್ಸನ್ನು ಅವನು ಮೈಕಿನಲ್ಲಿ ಹೇಳುತ್ತಿದ್ದದ್ದು ಹೀಗೆಯೇ. ಮೈಕು ಕೆಟ್ಟ ದಿನವೂ ಅವನ ಕೂಗು ಪೇಟೆಯವರೆಗೆ ಕೇಳುತ್ತಿತ್ತು ಎಂದು ಡ್ರೈವರುಗಳು ಹೇಳುತ್ತಿದ್ದರು, ಅವನೂ ಹೇಳಿಕೊಳ್ಳುತ್ತಿದ್ದ. ನಿವೃತ್ತಿಯಾದರೇನು, ಗಂಟಲಿಗೆ ಯಾರೂ ಹಾರ ಹಾಕಿ ಬೀಳ್ಕೊಟ್ಟಿರಲಿಲ್ಲ.

‘ಕೇಳಿಸ್ತೇನ್ರಿ ಅಯ್ನೋರ?’ ಎಂದ, ಬಾಗಿಲು ಕಾಯುವ ಸಂಗಯ್ಯನಿಗೆ. ಬಂದ ಹೊತ್ತಿಗೇ ಸಂಗಯ್ಯನ ಹಣೆಯ ಮೇಲಿನ ವಿಭೂತಿ ನೋಡಿ, ಯಾವ ಊರು, ಯಾವ ಮಠದ ಕಡೆಯವರು ಎಂದು ವಿಚಾರಿಸಿ, ಇಬ್ಬರಿಗೂ ಗೊತ್ತಿರುವ ಒಬ್ಬ ಸ್ವಾಮಿಗಳ ಹೆಸರನ್ನು ಮಾತಿನ ನಡುವೆ ಇಟ್ಟು ಅವನು ದಾರಿ ಹದ ಮಾಡಿಕೊಂಡಿದ್ದ. ಬೇರೆ ಕಡೆ ಸಿಕ್ಕಿದ್ದರೆ, ಜಂಗಮರೆಂದು, ಆ ಖಾಕಿ ಅಂಗಿಯ ಕಾಲಿಗೆ ಬೀಳಬೇಕಾಗಿತ್ತು. ಇಲ್ಲಿ ಜಗಳ ಮಾಡಬೇಕಾಗಿದೆ, ಮಾಡುವುದೇ.

‘ಬೋರ್ಡು ನಾನೂ ನೋಡೇನ್ರಿ ಯಜಮಾನ್ರ. ದಿನಾ ಅದರ ಬುಡಕ್ಕ ನಿಂದ್ರತೇನಿ’ ಎಂದ ಸಂಗಯ್ಯ. ‘ಆದ್ರ ಆ ಖೋಲಿಗೆ ಪೇಶಂಟ್ ಒಬ್ಬರ ಹೋಗೂದು. ಮೊದಲಿಂದ ಹಂಗ ನಡ್ಕೊಂಡ್ ಬಂದೈತಿ.’

‘ಮೊದಲಿಂದ ಬಂದದ್ದನ್ನ ಹಿಡ್ಕೊಂಡ್ ಕುಂತಿದ್ರ ನಾವು ಇವತ್ತೂ ಬಂಡಿ ಕಟ್ಕೊಂಡ ಬಾಗಲಕೋಟಿಗೆ ಬರ್ತಿದ್ವಿ.’

ಒಂದಿಬ್ಬರು ನಕ್ಕರು. ನಗು ತನ್ನ ಕಡೆಗೆ ಬಂತೆಂದರೆ ಅರ್ಧ ಗೆದ್ದಂತೆ ಎನ್ನುವುದು ಅವನಿಗೆ ಗೊತ್ತು. ಬಾಯಿದ್ದವ ಬರಗಾಲದಲ್ಲೂ ಬದುಕಿದ ಅಂತ ಸುಮ್ಮನೆ ಹೇಳಿಲ್ಲ. ಅವನು ಬೆಂಚಿನ ಕಡೆ ತಿರುಗಿ ಹೆಂಡತಿಯನ್ನು ನೋಡಿದ, ಹೆಂಗೆ ಎನ್ನುವ ಹಾಗೆ. ಶಾರವ್ವ ಅವನನ್ನು ನೋಡುತ್ತಿರಲಿಲ್ಲ. ಮಡಿಲಲ್ಲಿದ್ದ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು ಮಾಡುತ್ತಿದ್ದಳು. ಪಕ್ಕದಲ್ಲಿ ಬಾಜೂ ಮನೆಯ ಜರೀನಾ, ಬುತ್ತಿಯ ಚೀಲ ಕಾಲ ನಡುವೆ ಇಟ್ಟುಕೊಂಡು ಕೂತಿದ್ದಳು. ಜರೀನಾ ಯಾಕೆ ಬಂದಿದ್ದಾಳೆಂದು ಗುರಲಿಂಗಪ್ಪ ಬೆಳಿಗ್ಗೆಯಿಂದ ಕೇಳಿರಲಿಲ್ಲ. ಚೀಲ ಹಿಡಿಯುವುದಕ್ಕೆ ಒಬ್ಬರು ಬೇಕಲ್ಲ ಎಂದುಕೊಂಡು ಅದನ್ನು ಅಲ್ಲಿಗೇ ಬಿಟ್ಟಿದ್ದ. ಬಸ್ಸಿನಲ್ಲಿ ಕಂಡಕ್ಟರನಿಗೆ ಹೇಳಿ ಮುಂದಿನ ಸೀಟು ಕೊಡಿಸಿದ್ದು ಅವನೇ. ಆದರೆ ಆ ಸೀಟಿನಲ್ಲಿ ಕೂತ ಇಬ್ಬರು ಹೆಂಗಸರೂ ಅಮೀನಗಡ ದಾಟುವವರೆಗೆ ಒಂದು ಮಾತು ಆಡಿರಲಿಲ್ಲ. ದಾಟಿದ ಮೇಲೆ ಶಾರವ್ವ ಹಿಂದಕ್ಕೆ ತಿರುಗಿ ಅವನಿಗೊಂದು ಮಾತು ಹೇಳಿದ್ದಳು: ‘ನನ್ನೊಬ್ಬಾಕಿನ್ನ ಒಳಗ ಬಿಡಬ್ಯಾಡ್ರಿ.’ ಮೂವತ್ತು ಚಿಲ್ಲರೆ ವರ್ಷದ ಸಂಸಾರದಲ್ಲಿ ಅವಳು ಅವನ ಹತ್ತಿರ ಹೀಗೆ ಬೇಡಿದ್ದು ಅಪರೂಪ. ಹೀಗಿರುವಾಗ ಒಬ್ಬ ಸಂಗಯ್ಯ ಬಾಗಿಲಿಗೆ ಅಡ್ಡ ನಿಂತರೆ ಆಯಿತೇ.

ಗರ್ಭಕೋಶದಿಂದ ಒಂದು ಚೂರು ತೆಗೆದು ತಪಾಸಣೆಗೆ ಕಳಿಸಬೇಕು, ಪೂರ್ತಿ ಎಚ್ಚರ ತಪ್ಪಿಸುವುದಿಲ್ಲ, ಒಂದಿಷ್ಟು ನೋವಾಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಹೇಳಿದ್ದು ಹೋದ ವಾರ, ಇದೇ ದವಾಖಾನೆಯ ಆಚೆ ತುದಿಯ ಕೋಣೆಯಲ್ಲಿ. ಅವತ್ತಿನದನ್ನು ನೆನೆಯಬಾರದೆಂದು ಅವನು ಬೇಕೆಂದೇ ಬೇರೆ ಏನೋ ನೋಡುತ್ತಾನೆ, ಗೋಡೆಯ ಗಡಿಯಾರ, ನೀರಿನ ಡಬ್ಬಿ, ಯಾರದೋ ಕೂಸಿನ ಕಾಲಗೆಜ್ಜೆ. ಆದರೂ ಹಸಿರು ಪರದೆ ಬಂದು ಕಣ್ಣೆದುರು ನಿಲ್ಲುತ್ತದೆ. ಪರದೆಯ ಆಚೆ ಶಾರವ್ವ ಮಲಗಿದ್ದಳು, ಈಚೆ ಇವನು ಕುರ್ಚಿಯಲ್ಲಿದ್ದ. ‘ರಕ್ತ ಯಾವಾಗಿಂದ ಹೋಗಾಕತ್ತೈತ್ರಿ?’ ಎಂದು ಡಾಕ್ಟರು ಆಚೆಯಿಂದ ಕೇಳಿದರು. ಕೇಳಿದ್ದು ಅವಳನ್ನು. ‘ಇಲ್ರಿ, ಅಕಿದು ಅದೆಲ್ಲಾ ನಿಂತು ಭಾಳ ವರ್ಷ ಆತು’ ಎಂದು ಇವನು ಈಚೆಯಿಂದ ಹೇಳಿಬಿಟ್ಟ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೊಟ್ಟು ರೂಢಿ. ನಿಲ್ದಾಣದ ಕಿಟಕಿಯಲ್ಲಿ ಮುಖ ಕಂಡ ಕೂಡಲೇ, ಇವರು ಕುಷ್ಟಗಿಗೆ, ಇವರು ಬದಾಮಿಗೆ ಎಂದು ಅವನಿಗೆ ತಿಳಿದುಹೋಗುತ್ತಿತ್ತು. ಆಮೇಲೆ ಶಾರವ್ವನ ಧ್ವನಿ, ತೀರ ಕೆಳಗಿನದು, ಇವನಿಗೆ ಕೇಳಬಾರದೆಂದೇ ಆಡಿದ್ದು, ಆದರೆ ಕೇಳಿಸಿದ್ದು: ‘ಕಾರಹುಣ್ಣಿವಿಯಿಂದ ರಿ.’ ಕಾರಹುಣ್ಣಿಮೆಯಿಂದ. ಆಮೇಲೆ ನಾಗರಪಂಚಮಿ ಬಂದು ಹೋಗಿತ್ತು, ಅವಳು ಉಂಡಿ ಕಟ್ಟಿದ್ದಳು, ಇವನು ತಿಂದಿದ್ದ. ಪರದೆ ಸರಿಸಿಕೊಂಡು ಹೊರಗೆ ಬಂದ ಆ ಚಿಕ್ಕ ವಯಸ್ಸಿನ ಡಾಕ್ಟರು, ಪ್ರಿಯದರ್ಶಿನಿ ಎಂದು ಹೆಸರು, ಅವನನ್ನು ನೋಡಿದ ನೋಟದಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ಜಗಳ ಮಾಡಬಹುದಿತ್ತು. ಅವರು ಕೈ ತೊಳೆದುಕೊಂಡರು, ಇವನು ಆ ನೀರಿನ ಸದ್ದು ಕೇಳುತ್ತ ಕೂತ.

ಅದಕ್ಕೂ ಮುಂಚೆ ಕೆರೂರಿನಲ್ಲಿ, ಶಾರವ್ವನ ತವರಿನ ಮದುವೆಗೆ ಹೋದಾಗ, ಅಲ್ಲಿಯ ಡಾಕ್ಟರಿಗೆ ತೋರಿಸಿದ್ದುಂಟು. ಹೊಟ್ಟೆ ನೋವು ಎಂದಿದ್ದಳು. ‘ಮತ್ತೇನಾರ ತ್ರಾಸ ಐತೇನ್ರಿ?’ ಎಂದರೆ, ‘ಏನಿಲ್ರಿ, ಗ್ಯಾಸು. ಹೊತ್ತಿಗೆ ಸರಿ ಉಣ್ಣಂಗಿಲ್ಲ’ ಎಂದವನು ಯಾರು. ಗುಳಿಗೆ ಕೊಟ್ಟರು, ಅವಳು ಮರುಮಾತಿಲ್ಲದೆ ನುಂಗಿದಳು. ತಾನು ಸುಳ್ಳು ಹೇಳಿದೆನೇ? ಇಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದುಕೊಂಡು ಹೇಳಿದೆ. ನಿಲ್ದಾಣದಲ್ಲಿ ಹಾಗೆ ಹೇಳಿದ್ದರೆ ಜನ ಬೇರೆ ಬಸ್ಸು ಹತ್ತಿ ಬೇರೆ ಊರಿಗೆ ಹೋಗಿಬಿಡುತ್ತಿದ್ದರು, ಮರುದಿನ ಬಂದು ಬೈಯುತ್ತಿದ್ದರು. ಶಾರವ್ವ ಬೈಯಲಿಲ್ಲ. ಅದೇ ಅವನಿಗೆ ಒಳಗೊಳಗೆ ಕೊರೆಯುತ್ತಿತ್ತು. ಕೊರೆತಕ್ಕೆ ಮದ್ದು ಎಂದರೆ ಇವತ್ತಿನ ಕೆಲಸ: ಅವಳ ಜೊತೆ ಒಳಗೆ ಹೋಗುವುದು, ಅವಳ ತಲೆಯ ಹತ್ತಿರ ನಿಲ್ಲುವುದು. ಈ ಸಲ ತಾನು ಎಲ್ಲವನ್ನೂ ಸರಿಯಾಗಿ ಹೇಳುತ್ತೇನೆ. ಕಾರಹುಣ್ಣಿಮೆಯಿಂದ ಎಂದೇ ಹೇಳುತ್ತೇನೆ.

ಬಾಗಿಲು ತೆರೆದು ಪ್ರಿಯದರ್ಶಿನಿ ಡಾಕ್ಟರು ತಾವೇ ಹೊರಗೆ ಬಂದರು, ತಲೆಗೆ ನೀಲಿ ಟೊಪ್ಪಿಗೆ ಕಟ್ಟಿಕೊಂಡು. ‘ಏನ್ರಿ ಕಾಕಾರ, ಏನ್ ಗದ್ದಲ?’

ಗುರಲಿಂಗಪ್ಪ ಫಲಕದ ಕಡೆ ಕೈ ಮಾಡಿ ಇನ್ನೊಮ್ಮೆ ಅದೇ ವಾಕ್ಯವನ್ನು ಪೂರ್ತಿ ಹೇಳಿದ. ಈಗ ನೋಡಿ ಓದುವ ಅಗತ್ಯವೇ ಇರಲಿಲ್ಲ. ‘ನೀವ ಬರಸೀರಿ, ನಿಮ್ಮ ಅಯ್ನೋರ ಬ್ಯಾಡ ಅಂತಾರ. ಎರಡರಾಗ ಯಾವುದು ಖರೆ ಅಂತ ಕೇಳಾಕತ್ತೇನಿ. ಜೋಡಿಗೆ ಒಬ್ಬರಿದ್ರ ಆ ಹೆಣ್ಮಗಳಿಗೆ ಧೈರ್ಯ ಬರ್ತೈತಿ. ಅದು ಅಕಿ ಹಕ್ಕು.’

ಹಕ್ಕು ಎನ್ನುವ ಶಬ್ದ ಪಡಸಾಲೆಯಲ್ಲಿ ಚೆನ್ನಾಗಿ ಬಿತ್ತು. ಡಾಕ್ಟರು ಫಲಕವನ್ನೂ ಅವನನ್ನೂ ನೋಡಿ, ‘ಖರೇನ ಐತ್ರಿ’ ಎಂದರು. ‘ಸಂಗಯ್ಯಾರ, ಇನ್ಮ್ಯಾಲ ಕೇಳಿದವರಿಗೆ ಒಬ್ಬರನ್ನ ಬಿಡ್ರಿ. ನಾನೂ ಹೇಳಬೇಕಾಗಿತ್ತು, ಹೇಳಿಲ್ಲ.’ ಸಂಗಯ್ಯ ಬೇಸರವಿಲ್ಲದೆ ಪಕ್ಕಕ್ಕೆ ಸರಿದ. ಇಷ್ಟು ಸುಲಭಕ್ಕೆ ಗೆಲ್ಲುತ್ತೇನೆಂದು ಗುರಲಿಂಗಪ್ಪನಿಗೂ ಅನ್ನಿಸಿರಲಿಲ್ಲ. ಗೆದ್ದವನ ಔದಾರ್ಯದಿಂದ ಅವನು ಸಂಗಯ್ಯನ ಭುಜ ಮುಟ್ಟಿ, ತನ್ನ ಚಪ್ಪಲಿ ಬಿಟ್ಟು, ಅಂಗಿಯ ತೋಳು ಮಡಚತೊಡಗಿದ. ಎಡತೋಳು ಮಡಚಿ ಮುಗಿದಿತ್ತು.

‘ಅಮ್ಮಾ, ಯಾರನ್ನ ಕರ್ಕೊಂಡ್ ಬರ್ತೀರಿ?’ ಎಂದು ಡಾಕ್ಟರು ಬೆಂಚಿನ ಕಡೆ ಬಗ್ಗಿ ಕೇಳಿದರು.

ಕೇಳುವುದೇನು ಅದರಲ್ಲಿ, ಎಂದು ಗುರಲಿಂಗಪ್ಪ ಬಾಯಿ ತೆರೆದ. ಅಷ್ಟರಲ್ಲಿ ಶಾರವ್ವ ಹೇಳಿ ಆಗಿತ್ತು. ‘ಜರೀನಾನ್ನ ರಿ.’

ಜರೀನಾ ಆಗಲೇ ಬುತ್ತಿಯ ಚೀಲ ಬದಿಗಿಟ್ಟು ಎದ್ದು ನಿಂತಿದ್ದಳು. ಅಂದರೆ ಇದು ಈಗ ಹುಟ್ಟಿದ ಮಾತಲ್ಲ; ಇಳಕಲ್ಲಿನಲ್ಲೇ, ಬಸ್ಸು ಹತ್ತುವ ಮೊದಲೇ, ಇಬ್ಬರ ನಡುವೆ ಆಗಿದ್ದ ಮಾತು. ಗುರಲಿಂಗಪ್ಪನಿಗೆ ಕಿವಿ ಬಿಸಿಯಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ಅದು ಪಡಸಾಲೆ ತುಂಬ ಜನರ ಎದುರಿಗೆ. ‘ಏ ಶಾರಾ, ನಾ ಇದ್ದೇನಲ್ಲ’ ಎಂದ, ಮೈಕಿಲ್ಲದ ಧ್ವನಿಯಲ್ಲಿ. ಡಾಕ್ಟರ ಕಡೆ ತಿರುಗಿ, ‘ಮನಿಯವರು ಇರಬೇಕಲ್ರಿ. ಇವರು ಬಾಜೂ ಮನಿಯವರು’ ಎಂದ. ಅವನ ನಾಲಿಗೆಯ ತುದಿಗೆ ಇನ್ನೂ ಒಂದು ಮಾತು ಬಂದಿತ್ತು, ಅವರು ನಮ್ಮವರಲ್ಲ ಎನ್ನುವುದು. ಇಷ್ಟು ವರ್ಷ ಅದೇ ಜರೀನಾಳ ಮನೆಯ ರಂಜಾನ್ ಹಬ್ಬದ ಸುರಕುಂಬಾ ಉಂಡ ನಾಲಿಗೆಗೆ ಇವತ್ತು, ತನ್ನ ಮಾನ ಉಳಿಸಿಕೊಳ್ಳುವುದಕ್ಕೆ, ಇಂಥ ಹೊಲಸು ಹೊಳೆಯಿತಲ್ಲ ಎಂದು ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಮಾತನ್ನು ನುಂಗಿದ. ನುಂಗಿದ್ದು ಯಾರಿಗೂ ಕಾಣಲಿಲ್ಲ, ಆದರೆ ಜರೀನಾ ಒಂದು ಗಳಿಗೆ ಅವನ ಮುಖವನ್ನೇ ನೋಡಿದ್ದಳು.

‘ಬಯಸಿದ ಒಬ್ಬರನ್ನ ಅಂತ ನೀವ ಓದಿದ್ರಲ್ರಿ’ ಎಂದಳು ಶಾರವ್ವ. ಅಣಕವಿರಲಿಲ್ಲ, ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿ ತಿಳಿದುಕೊಂಡವರು ತಿರುಗಿ ಹೇಳುವಂತೆ ಹೇಳಿದಳು.

ನರ್ಸು ಬಂದು, ಮೈಮೇಲಿನ ಲೋಹದ್ದೆಲ್ಲ ತೆಗೆಯಬೇಕು ಎಂದಳು. ಬಳೆ, ತಾಳಿ, ಮೂಗುತಿ ಜರೀನಾಳ ಕರವಸ್ತ್ರದಲ್ಲಿ ಗಂಟಾಯಿತು. ಕೊರಳಲ್ಲಿ ಶಿವದಾರಕ್ಕೆ ಕಟ್ಟಿದ ಬೆಳ್ಳಿಯ ಕರಡಿಗೆ ಉಳಿಯಿತು, ಒಳಗೆ ಅವಳ ಇಷ್ಟಲಿಂಗ. ‘ಅದೂ ತಗೀರಿ, ಈ ಟ್ರೇದಾಗ ಇಡ್ರಿ’ ಎಂದು ನರ್ಸು ಸ್ಟೀಲಿನ ತಟ್ಟೆ ಒಡ್ಡಿದಳು. ಶಾರವ್ವ ಆ ತಟ್ಟೆಯನ್ನು ನೋಡಿದಳು. ಹುಟ್ಟಿದ ಕೂಸಿಗೆ ಕಟ್ಟಿದ ಲಿಂಗ ಅದು, ಸ್ನಾನಕ್ಕೂ ಹೆರಿಗೆಗೂ ಮೈ ಬಿಟ್ಟಿರಲಿಲ್ಲ. ಮೈ ಬಿಟ್ಟರೆ ಅಂಗೈಯಲ್ಲಿರಬೇಕು, ನೆಲ ಮುಟ್ಟಬಾರದು, ಗೂಟಕ್ಕೆ ತೂಗಬಾರದು. ಗುರಲಿಂಗಪ್ಪನದು ಮನೆಯ ದೇವರ ಜಗಲಿಯ ಮೇಲಿದೆ. ನೌಕರಿಗೆ ಸೇರಿದ ವರ್ಷ, ಬಸ್ಸಿನ ಗದ್ದಲದಲ್ಲಿ ಎಲ್ಲಾದರೂ ಬಿದ್ದೀತು ಎಂದು ತೆಗೆದಿಟ್ಟದ್ದು ಅಲ್ಲೇ ಉಳಿಯಿತು. ಅವಳು ಅದಕ್ಕೂ ಏನೂ ಅಂದಿರಲಿಲ್ಲ. ಈಗ ದಾರವನ್ನು ತಲೆಯ ಮೇಲಿಂದ ತೆಗೆದು, ಕಣ್ಣಿಗೊತ್ತಿಕೊಂಡು, ಅವನ ಕಡೆ ಚಾಚಿದಳು.

‘ಲಿಂಗ ನೀವ್ ಹಿಡ್ಕೊರ್ರಿ. ಕೈ ಜರೀನಾ ಹಿಡ್ಕೊಳ್ತಾಳ.’

ಅವನು ಎಡಗೈ ಒಡ್ಡಿದ. ಬೆಳ್ಳಿ ಬೆಚ್ಚಗಿತ್ತು. ಅವಳ ಮೈಯ ಬಿಸಿ ಅದು. ಎಷ್ಟೋ ದಿನದ ಮೇಲೆ ಅವನ ಅಂಗೈಗೆ ಸಿಕ್ಕಿದ್ದು. ಇಬ್ಬರು ಹೆಂಗಸರೂ ಒಳಗೆ ಹೋದರು, ಬಾಗಿಲು ಎರಡು ಸಲ ಹಿಂದೆ ಮುಂದೆ ಆಡಿ ನಿಂತಿತು. ಅವನು ಬರಿಗಾಲಲ್ಲಿ, ಒಂದೇ ತೋಳು ಮಡಚಿದ ಅಂಗಿಯಲ್ಲಿ, ಮುಂದೇನು ಎಂದು ತಿಳಿಯದೆ ನಿಂತ. ಕರಡಿಗೆಯನ್ನು ಅಂಗಿಯ ಕಿಸೆಗೆ ಇಳಿಬಿಡಲು ಹೋದ. ಅಲ್ಲಿ ಫೋನು, ಅಡಕೆಯ ಡಬ್ಬಿ.

‘ಕಿಸೆದಾಗ ಬ್ಯಾಡ್ರಿ ಯಜಮಾನ್ರ’ ಎಂದ ಸಂಗಯ್ಯ. ತನ್ನ ಸ್ಟೂಲನ್ನು ಬಾಗಿಲ ಹತ್ತಿರಕ್ಕೆ ಎಳೆದು ಕೊಟ್ಟ. ‘ಇಲ್ಲಿ ಕುಂಡ್ರಿ. ಅಂಗೈಯಾಗ ಹಿಡ್ಕೊಂಡು ಎದಿ ಮಟ ಇಟ್ಕೊರ್ರಿ. ಇದ್ದಷ್ಟ ಹೊತ್ತು ಹರಟಿ ಬ್ಯಾಡ.’

ಸೋತವನು ಬುದ್ಧಿ ಹೇಳಿದರೆ ಗೆದ್ದವನು ಕೇಳಬೇಕಾಗಿ ಬಂದದ್ದು ಇದೇ ಮೊದಲು. ಕೂತ. ಎದುರು ಬೆಂಚಿನ ಮುದುಕ, ಯಾವೂರ್ರಿ ನಿಮ್ಮದು ಎಂದು ಕೇಳಿದ, ಅದಕ್ಕೂ ಉತ್ತರ ಕೊಡುವಂತಿರಲಿಲ್ಲ, ಬರೀ ತಲೆಯಾಡಿಸಿದ. ಕಿಸೆಯಲ್ಲಿ ಫೋನು ಗುಂಯ್‌ಗುಟ್ಟಿತು, ಬದಾಮಿಯಲ್ಲಿರುವ ಮಗಳು ಐಶ್ವರ್ಯ ಇರಬೇಕು. ಎತ್ತಿದರೆ ಏನು ಹೇಳುವುದು? ಅವ್ವ ಹೆಂಗದಾಳ ಎಂದು ಅವಳು ಕೇಳುತ್ತಾಳೆ, ಆರಾಮ ಅದಾಳ ಎಂದು ಇವನು ಹೇಳುತ್ತಾನೆ. ಗೊತ್ತಿಲ್ಲದ್ದನ್ನು ಹೇಳುವುದು ಎಷ್ಟು ಸಲೀಸು. ಬಲಗೈ ಖಾಲಿ ಇದ್ದರೂ ಅವನು ಫೋನು ಎತ್ತಲಿಲ್ಲ, ಅದು ಗುಂಯ್‌ಗುಟ್ಟಿ ತಾನೇ ನಿಂತಿತು.

ಜರೀನಾನೇ ಯಾಕೆ, ಎಂದು ಕೇಳಿಕೊಳ್ಳುವ ಧೈರ್ಯ ಈಗ ಬಂತು. ಉತ್ತರ ಬಾಜೂ ಮನೆಯ ಪಡಸಾಲೆಯಲ್ಲಿ ದಿನವೂ ಕಣ್ಣೆದುರಿಗೇ ಇತ್ತಲ್ಲ. ಮಗ್ಗದ ಹಳೆಯ ಹಾಸು ಮುಗಿದು ಹೊಸದು ಏರಿಸುವಾಗ, ಹಳೆಯ ಎಳೆಯ ತುದಿಗೆ ಹೊಸ ಎಳೆಯ ತುದಿ ಸೇರಿಸಿ ಹೊಸೆಯಬೇಕು, ಒಂದೊಂದಾಗಿ, ಸಾವಿರಾರು. ಇಬ್ಬರೂ ಎದುರಾಬದುರಾ ಕೂತು ಮಧ್ಯಾಹ್ನವೆಲ್ಲ ಅದನ್ನೇ ಮಾಡುತ್ತಿದ್ದರು. ಒಬ್ಬಳ ಕೈ ತಪ್ಪಿದರೆ ದಾರದ ಜಗ್ಗಿನಲ್ಲೇ ಇನ್ನೊಬ್ಬಳಿಗೆ ತಿಳಿಯುತ್ತದೆ, ಅವಳು ಕೈ ನಿಲ್ಲಿಸುತ್ತಾಳೆ, ಕಾಯುತ್ತಾಳೆ. ‘ಇಬ್ರೂ ಬಾಯಿಗೆ ಕೀಲಿ ಹಾಕ್ಕೊಂಡ್ ಕುಂತೀರಲ್ಲ’ ಎಂದು ಇವನು ಹಾದುಹೋಗುವಾಗ ಚಾಷ್ಟಿ ಮಾಡುತ್ತಿದ್ದ. ಶಾರವ್ವ ಮತ್ತೆ ಮತ್ತೆ ಎದ್ದು ತನ್ನ ಮನೆಯ ಹಿತ್ತಲಿಗೆ ಹೋಗುವುದನ್ನು ಅಲ್ಲಿ ಕೂತು ಗಮನಿಸಿದವಳು ಜರೀನಾ. ಹಿತ್ತಲಲ್ಲಿ ಸೀರೆಯ ಮರೆಗೆ ಒಣಗುತ್ತಿದ್ದ ಅರಿವೆ ಕಂಡವಳು ಅವಳು. ‘ಅಣ್ಣಾರ, ಇದು ಗ್ಯಾಸ್ ಅಲ್ರಿ. ಬಾಗಲಕೋಟಿಗೆ ಕರ್ಕೊಂಡ್ ಹೋಗ್ರಿ’ ಎಂದು ಬಾಗಿಲಲ್ಲಿ ನಿಂತು ಹೇಳಿದವಳೂ ಅವಳೇ. ಆಗ ಇವನು, ನಿನಗ್ಯಾಕ ಇಷ್ಟು ಗಾಬರಿ ಎಂದಿದ್ದ. ಆ ಹಿತ್ತಲಲ್ಲೇ ಇವನು ದಿನಾ ಮುಖ ತೊಳೆಯುತ್ತಾನೆ. ಅರಿವೆ ಅವನಿಗೆ ಕಂಡಿರಲಿಲ್ಲ.

ಒಳಗಿನಿಂದ ‘ಯವ್ವಾ’ ಎಂದದ್ದು ಕೇಳಿಸಿತು.

ಗುರಲಿಂಗಪ್ಪ ಎದ್ದುಬಿಟ್ಟ. ಬಾಗಿಲಿಗೆ ಬಲಗೈ ಇಟ್ಟ. ಸಂಗಯ್ಯ ತಡೆಯಲಿಲ್ಲ, ಬರೀ ನೋಡಿದ. ತಳ್ಳಿದರೆ ತೆರೆಯುವ ಬಾಗಿಲು, ಚಿಲಕವೂ ಇಲ್ಲ. ಆಚೆ ಡಾಕ್ಟರ ಧ್ವನಿ: ‘ಅಮ್ಮಾ, ತಡ್ಕೋತೀರೇನು? ಇನ್ನ ಸ್ವಲ್ಪ ಉಳದೈತಿ.’ ಅವನ ಬಾಯೊಳಗೆ ಉತ್ತರ ತಯಾರಾಗಿಯೇ ಇತ್ತು, ‘ತಡ್ಕೋತಾಳ್ರಿ, ಅಕಿಗೆ ಭಾಳ ತಾಳ್ಮಿ ಐತಿ.’ ಐಶ್ವರ್ಯ ಹುಟ್ಟುವಾಗ ಸೂಲಗಿತ್ತಿಗೂ ಹೀಗೆಯೇ ಹೊರಗಿನಿಂದ ಕೂಗಿ ಹೇಳಿದ್ದ. ಹೆಮ್ಮೆಯಿಂದ ಹೇಳಿದ್ದ. ಈಗಲೂ ತುಟಿ ಆಡಿತು. ಎಡಗೈಯಲ್ಲಿ ಕರಡಿಗೆ ಇತ್ತು, ಅದರ ಬಿಸಿ ಈಗ ಅವಳದೋ ತನ್ನದೋ ತಿಳಿಯದ ಹಾಗೆ ಆಗಿತ್ತು. ಅವನು ತುಟಿ ಮುಚ್ಚಿದ. ಜರೀನಾ ಕೂಡ ಅವಳ ಪರವಾಗಿ ಏನೂ ಹೇಳಲಿಲ್ಲ. ಕೈ ಹಿಡಿದು ಕಾಯುತ್ತಿದ್ದಳೆಂದು ಅವನಿಗೆ ಕಂಡಷ್ಟೇ ಸ್ಪಷ್ಟವಾಗಿ ತಿಳಿಯಿತು.

‘ಇಲ್ರಿ. ನಿಲ್ಸ್ರಿ’ ಎಂದಳು ಶಾರವ್ವ. ಗಟ್ಟಿಯಾಗಿ ಹೇಳಿದಳು. ಅವಳಿಗೆ ಇಂಥ ಧ್ವನಿ ಇತ್ತೆಂದು ಗುರಲಿಂಗಪ್ಪನಿಗೆ ಗೊತ್ತಿರಲಿಲ್ಲ. ‘ನೋವ್ ಆಗಾಕತ್ತೈತಿ. ಚಣ ನಿಲ್ಸ್ರಿ, ನಾ ಹೇಳ್ತೇನಿ, ಆಮ್ಯಾಲ ಮಾಡ್ರಿ.’

ನಿಲ್ಲಿಸಿದರು. ಸ್ಟೀಲಿನ ಏನನ್ನೋ ಕೆಳಗಿಟ್ಟ ಸದ್ದು, ನೀರು ಕೇಳಿದ್ದು, ಕುಡಿದದ್ದು, ಡಾಕ್ಟರು ಇನ್ನೊಂದು ಸೂಜಿಮದ್ದು ಕೊಡಲು ನರ್ಸಿಗೆ ಹೇಳಿದ್ದು, ಎಲ್ಲ ಬಾಗಿಲಿನ ಆಚೆಯಿಂದ ಬಂತು. ತಾನು ಒಳಗಿದ್ದಿದ್ದರೆ ಇದು ನಿಲ್ಲುತ್ತಿರಲಿಲ್ಲ. ತಾನು ಅವಳ ತಲೆಯ ಹತ್ತಿರ ನಿಂತು, ಒಳ್ಳೆಯ ಮನಸ್ಸಿನಿಂದ, ನಡೀಲಿ ನಡೀಲಿ ಎನ್ನುತ್ತಿದ್ದೆ, ಅವಳು ಹಲ್ಲು ಕಚ್ಚುತ್ತಿದ್ದಳು. ಅವನು ಬಾಗಿಲಿನಿಂದ ಕೈ ತೆಗೆದು ಸ್ಟೂಲಿಗೆ ಮರಳಿದ. ಕಣ್ಣು ತುಂಬಿತು, ಒರೆಸಿಕೊಳ್ಳಲು ಒಂದೇ ಕೈ ಇತ್ತು. ಸಂಗಯ್ಯ ಬೇರೆ ಕಡೆ ನೋಡುತ್ತ ನಿಂತ. ಸ್ವಲ್ಪ ಹೊತ್ತಿನ ಮೇಲೆ ಅದೇ ಗಟ್ಟಿ ಧ್ವನಿ ಮತ್ತೆ ಕೇಳಿಸಿತು: ‘ಹೂಂ, ಈಗ ಮಾಡ್ರಿ.’

ಅವಳನ್ನು ಗಾಲಿಕುರ್ಚಿಯಲ್ಲಿ ಹೊರಗೆ ತಂದರು. ಮುಖ ಬೆವೆತಿತ್ತು, ಬಿಳುಚಿತ್ತು, ಆದರೆ ತಲೆ ಎತ್ತಿ ಕೂತಿದ್ದಳು. ಜರೀನಾ ಪಕ್ಕದಲ್ಲಿ, ಬಲಗೈಯ ಬೆರಳುಗಳನ್ನು ಬಿಡಿಸಿ ಮಡಚಿ ಮಾಡುತ್ತ ಬಂದಳು. ಅವುಗಳ ಮೇಲೆ ಶಾರವ್ವನ ಉಗುರು ಕೆಂಪಗೆ ಮೂಡಿತ್ತು. ಗುರಲಿಂಗಪ್ಪ ಎದ್ದು ಕರಡಿಗೆ ಕೊಟ್ಟ. ಶಾರವ್ವ ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿ, ದಾರವನ್ನು ಕೊರಳಿಗೆ ಹಾಕಿಕೊಂಡಳು. ಏನಾದರೂ ಹೇಳಬೇಕಿತ್ತು. ಜರೀನಾಳಿಗೆ ‘ಕುಂದ್ರವಾ, ದಣದೀ’ ಎಂದು ಸ್ಟೂಲು ತೋರಿಸಿದ.

ಡಾಕ್ಟರು ಟೊಪ್ಪಿಗೆ ತೆಗೆಯುತ್ತ ಹೊರಗೆ ಬಂದರು. ತೆಗೆದ ಚೂರು ತಪಾಸಣೆಗೆ ಹೋಗುತ್ತದೆ, ರಿಪೋರ್ಟು ಬಂದ ಮೇಲೆ ಮುಂದಿನದು, ಈಗಲೇ ಏನೂ ಹೇಳಲಾಗದು ಎಂದರು. ಆಮೇಲೆ, ರೂಢಿ ಯಾರನ್ನು ಬಿಟ್ಟಿದೆ, ಅವರೂ ಗಂಡನ ಮುಖ ನೋಡಿಯೇ ಕೇಳಿದರು: ‘ಇನ್ನೂ ನೋವ್ ಐತೇನ್ರಿ ಅವರಿಗೆ? ಸಂಜಿತನಕ ಇಲ್ಲೇ ಇರ್ತಾರೋ, ಊರಿಗೆ ಹೋಗ್ತಾರೋ?’

ಇಳಕಲ್ಲಿನ ಬಸ್ಸು ಎಷ್ಟು ಹೊತ್ತಿಗೆ ಎಂಬುದು ಅವನಿಗೆ ಬಾಯಿಪಾಠ. ಪಡಸಾಲೆಯವರೂ ಅವನ ಕಡೆಗೇ ನೋಡುತ್ತಿದ್ದರು. ಎಡಗೈ ಖಾಲಿಯಾಗಿತ್ತು, ಆದರೂ ಅವನು ಅದನ್ನು ಎದೆಯ ಮಟ್ಟದಲ್ಲೇ ಹಿಡಿದು ನಿಂತಿದ್ದ.

‘ಅಕಿನ್ನ ಕೇಳ್ರಿ’ ಎಂದ ಗುರಲಿಂಗಪ್ಪ.

ಶಾರವ್ವ ಅವನನ್ನು ನೋಡಿದಳು. ಆಮೇಲೆ ಡಾಕ್ಟರ ಕಡೆ ತಿರುಗಿ, ಅವಸರವಿಲ್ಲದೆ, ಎಲ್ಲಿ ನೋವು, ಎಂಥ ನೋವು, ಎಲ್ಲಿಂದ ಎಲ್ಲಿಗೆ ಜಗ್ಗುತ್ತದೆ ಎಂದು ಹೇಳತೊಡಗಿದಳು. ಹೇಳುವುದು ಬಹಳ ಇತ್ತು. ಇಳಕಲ್ಲಿನ ಬಸ್ಸು ಬಿಡುವ ಹೊತ್ತು ಮೀರಿತು, ಅವನು ನಿಂತೇ ಕೇಳಿದ.